ಸವೆದ ಸೊನ್ನೆ

ಎಪ್ಪತ್ತು ರಿಯಾಲು, ಮೇಲೆ ಒಂದು ಬೈಸಾ ಇಲ್ಲ
ಎಂದಿದ್ದರು ಹಸನಬ್ಬ ಹಾಜಿ, ಕಲ್ಲು ಕೊಯ್ಯುವ ಗದ್ದಲದಲ್ಲಿ
ಬೆರಳೆತ್ತಿ ತೋರಿಸಿ. ಆರೂವರೆ ಬೆರಳು.
ಉಳಿದರ್ಧ ಯಂತ್ರ ತಿಂದದ್ದು,
ನಾನು ಏಳೆಂದೇ ಲೆಕ್ಕ ಹಿಡಿದೆ.

"ಎವ್ಲಿನ್ ಬಾಯಿ, ನಮಗೇನು ರಾಕೆಟ್ಟು ಹಾರಿಸಲಿಕ್ಕುಂಟಾ?
ಬಿಲ್ಲು, ಕೊಟೇಶನ್ನು, ಹನ್ನೊಂದು ಜನರ ಸಂಬಳ."

ಹಳೆಯದು ಸತ್ತದ್ದು ಮಾರ್ಬಲಿನ ಹುಡಿ ಕುಡಿದು.
ಮುಚ್ಚಳ ಬಿಚ್ಚಿದರೆ
ಒಳಗಿನ ಫ್ಯಾನಿಗೆ ಬಿಳಿ ಗಡ್ಡ ಬಂದಿತ್ತು.

ವಾದಿ ಕಬೀರಿನಿಂದ ರುವಿಗೆ ಹಂಚಿಕೊಂಡ ಟ್ಯಾಕ್ಸಿ.
ಅಸರ್ ನಮಾಜು ಮುಗಿದು ಶಟರುಗಳು ಒಂದೊಂದೇ ಮೇಲೇಳುವ ಹೊತ್ತು,
ಆಗಸ್ಟಿನ ಬಿಸಿಗೆ ಚಪ್ಪಲಿಯ ಅಡಿ ಡಾಂಬರಿಗೆ ಅಂಟಿ ಅಂಟಿ ಬಿಡುತ್ತಿತ್ತು.

ಮೊದಲ ಅಂಗಡಿಯ ಹುಡುಗ ತೋರಿಸಿದ ಡಬ್ಬಕ್ಕೆ ಗಾಜಿನ ಹೊಟ್ಟೆ,
ಒಳಗೆ ಕೆಂಪು ಹಸಿರು ಮಿಣಿಮಿಣಿ,
ನಮ್ಮ ಮಂಗಳೂರಿನ ಸಿಟಿ ಬಸ್ಸಿನ ಹಾಗೆ.
ಇನ್ನೂರ ನಲವತ್ತು ರಿಯಾಲು.
ಸಂಬಳದ ಪಟ್ಟಿ ಇದರಲ್ಲಿ ಟೈಪು ಮಾಡಿದರೆ
ಸಂಬಳ ಹೆಚ್ಚುತ್ತದೋ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಎರಡನೆಯದರಲ್ಲಿ ಹೊಸತು, ಪ್ಲಾಸ್ಟಿಕ್ಕಿನ ವಾಸನೆ ಹೋಗದ್ದು.
ರ‍್ಯಾಮು ನಾಲ್ಕೇ, ಡಿಸ್ಕು ಹಳೇ ಕಾಲದ ತಿರುಗುವಂಥದ್ದು.
ಆನ್ ಮಾಡಿ ನಿಂತೆ.
ಅವರು ಕೊಟ್ಟ ಸುಲೈಮಾನಿ ಚಾ ಕುಡಿದು ಮುಗಿಯಿತು,
ಪರದೆಯ ಮೇಲೆ ಚುಕ್ಕಿಗಳು ಇನ್ನೂ ಸುತ್ತುತ್ತಿದ್ದವು.

ಮೂರನೆಯದು ಮಹಡಿಯ ಮೇಲೆ, ದರ್ಜಿಯ ಪಕ್ಕ.
ಗುಲ್ ಜಮಾನನ ಸೆಕೆಂಡ್ ಹ್ಯಾಂಡ್ ರಾಜ್ಯ:
ಕಪ್ಪು ಡಬ್ಬಗಳು ಹೆಗಲಿಗೆ ಹೆಗಲು ತಾಗಿಸಿ ಛಾವಣಿಯ ತನಕ.
"ಎಲ್ಲ ಯುರೋಪಿನದು ಮೇಡಮ್, ಬ್ಯಾಂಕುಗಳಲ್ಲಿ ದುಡಿದದ್ದು,
ಎಂಟು ರ‍್ಯಾಮು, ಎಸ್ಸೆಸ್ಡಿ, ಹತ್ತೊಂಬತ್ತು ಇಂಚಿನ ಪರದೆ,
ಮೂರು ತಿಂಗಳ ಗ್ಯಾರಂಟಿ. ನನ್ನ ಮಾತು ಸಾವಿನ ತನಕ."

ನಾನು ಡಬ್ಬ ನೋಡಲಿಲ್ಲ. ಕೀಬೋರ್ಡು ನೋಡಿದೆ.

ಒಂದರಲ್ಲಿ ಅಕ್ಷರಗಳೇ ಸವೆದಿವೆ; ಪತ್ರ ಬರೆದವರದ್ದು.
ಒಂದರಲ್ಲಿ ಬಾಣದ ಗುರುತು ಮಾತ್ರ; ಆಫೀಸಿನಲ್ಲಿ ಆಟ ಆಡಿದ ಮಹಾರಾಯನದ್ದು.
ಒಂದರಲ್ಲಿ ಬಲಗಡೆಯ ಅಂಕೆಗಳು,
ಅದರಲ್ಲೂ ಸೊನ್ನೆ,
ಬಿಳಿ ಗೆರೆ ಪೂರಾ ಹೋಗಿ, ನಡುವೆ ಹೆಬ್ಬೆರಳಿನ ಒಂದು ಸಣ್ಣ ಗುಳಿ.

"ಭಾಯಿ, ಇದು ಯುರೋಪಿನದಲ್ಲ."

ಅವನು ಹುಬ್ಬೇರಿಸಿದ.
ಅಲ್ಲಿಯ ಹಣಕ್ಕೆ ಎರಡೇ ಸೊನ್ನೆಯ ಬಾಲ,
ನಮ್ಮ ರೂಪಾಯಿಗೂ ಎರಡೇ.
ಒಂದಕ್ಕೆ ಸಾವಿರ ಬೈಸಾ ಆಗುವ ಕಡೆ ಮಾತ್ರ
ಪ್ರತಿ ಮೊತ್ತದ ಕೊನೆಗೆ
ಸೊನ್ನೆ ಸೊನ್ನೆ ಸೊನ್ನೆ ಎಂದು ಮೂರು ಸಲ ತಟ್ಟುವುದು.
ಹದಿನಾಲ್ಕು ವರ್ಷ ತಟ್ಟಿದ್ದೇನೆ, ನನಗೆ ಗೊತ್ತಾಗುವುದಿಲ್ಲವಾ?

ಗುಲ್ ಜಮಾನ್ ಜೋರಾಗಿ ನಕ್ಕ, ದರ್ಜಿಯ ಮಿಶನ್ನು ಒಮ್ಮೆ ನಿಂತಿತು.
"ಸೊಹಾರಿನದು. ಮೀನಿನ ಕಂಪನಿ, ಬಾಗಿಲು ಹಾಕಿದರು.
ಲೆಕ್ಕದವರ ಮೇಜಿನಿಂದ ನಾನೇ ಎತ್ತಿಕೊಂಡು ಬಂದದ್ದು."

ಲೆಕ್ಕದವರು ಎಲ್ಲಿ ಹೋದರು?
ಅದು ಅವನಿಗೆ ಗೊತ್ತಿಲ್ಲ.
ಹೊಸ ಕೀಬೋರ್ಡು ಪುಕ್ಕಟೆ ಕೊಡುತ್ತೇನೆಂದ. ಬೇಡವೆಂದೆ.
ಹುಚ್ಚಿಯೆಂದುಕೊಂಡಿರಬೇಕು; ಆ ಗುಂಗಿನಲ್ಲೇ
ಅರವತ್ತೆಂಟೂವರೆಗೆ ಇಳಿದ.

ವಾಪಸಿಗೆ ಇಡೀ ಟ್ಯಾಕ್ಸಿ ಬೇಕಾಯಿತು, ಎರಡು ರಿಯಾಲು.
ಕಡಿಮೆ ಬಿದ್ದ ಐನೂರು ಬೈಸಾ ನನ್ನ ಪರ್ಸಿನದು,
ಅದನ್ನು ಯಾವ ಲೆಕ್ಕಕ್ಕೂ ಬರೆಯಲಿಲ್ಲ.
ಡಬ್ಬ ಮುಂದಿನ ಸೀಟಿನಲ್ಲಿ ಬೆಲ್ಟು ಹಾಕಿ ಕೂತಿತ್ತು,
ಕೀಬೋರ್ಡು ನನ್ನ ಮಡಿಲಲ್ಲಿ.
ಮೀನಿನ ವಾಸನೆ ಏನೂ ಇಲ್ಲ. ಮೂಸಿ ನೋಡಿದೆ, ಸುಳ್ಳೇಕೆ.

ಇಪ್ಪತ್ತೈದನೇ ತಾರೀಕು, ಹನ್ನೊಂದು ಹೆಸರು.
ಹೆಬ್ಬೆರಳು ಆ ಗುಳಿಯನ್ನು ತಾನಾಗಿ ಹುಡುಕಿಕೊಂಡಿತು.
"ಹೇಗುಂಟು?" ಎಂದರು ಹಾಜಿ ಬಾಗಿಲಿನಿಂದ.
"ಸದ್ದೇ ಇಲ್ಲ," ಎಂದೆ.
ಕಲ್ಲು ಕೊಯ್ಯುವ ಸದ್ದಿನಲ್ಲಿ ಅದು ಅವರಿಗೆ ಕೇಳಿಸಲಿಲ್ಲ.

ಸೊನ್ನೆಯ ಮೇಲೆ ಆಗಲೇ ತೆಳ್ಳಗೆ ಬಿಳಿ ಹುಡಿ.
ಊದಿದೆ.