ಒಂದು ಸುತ್ತು ಆಚೆ

ಏಪ್ರಿಕಾಟ್ ಒಣಗಿಸುವ ಪೆಟ್ಟಿಗೆ ಇದು.
ಐದು ತಟ್ಟೆ, ಒಂದು ಸಣ್ಣ ಫ್ಯಾನು, ಐವತ್ನಾಲ್ಕು ಡಿಗ್ರಿ.
ನಡುವಿನ ಮೂರು ತಟ್ಟೆಗಳ ಹೊಟ್ಟೆ ಕೊಯ್ದಿದ್ದೇನೆ,
ಟೇಪಿನ ಸುರುಳಿ ಅಂಗಾತ ಮಲಗಲು ಜಾಗ ಬೇಕಲ್ಲ.
ಗ್ಯೂಮ್ರಿಯ ಈ ಕಪ್ಪು ಕಲ್ಲಿನ ಬೀದಿಯಲ್ಲಿ
ಜುಲೈನಲ್ಲಿ ಹಣ್ಣು, ಜನವರಿಯಲ್ಲಿ ಹಾಡು.
ಎರಡಕ್ಕೂ ಒಂದೇ ಹದ ಎಂದರೆ
ರೇಡಿಯೋದ ನಮ್ಮ ಹಳೆಯ ಸಾಹೇಬರು ನಗುತ್ತಿದ್ದರು.
ನಗಲಿ. ಅವರ ಗೋದಾಮಿನ ಟೇಪೆಲ್ಲ
ಹೆಡ್ಡಿಗೆ ಮೆತ್ತಿಕೊಂಡು ಕಿರ್ರೆಂದು ಸತ್ತವು.

ಮೊದಲು ದೀಪಕ್ಕೆ ಹಿಡಿಯಬೇಕು.
ಸುರುಳಿಯೊಳಗಿಂದ ಬೆಳಕು ಹಾಯ್ದರೆ ಬಿಸಿ ತಾಗಿಸಕೂಡದು,
ಅದು ಬೇರೆ ಜಾತಿ, ವಿನೆಗರ್ ವಾಸನೆಯ ಮುದಿತನ ಅದರದು.
ಹಾಯದಿದ್ದರೆ ಎಂಟು ಗಂಟೆ,
ನಡುವೆ ಒಮ್ಮೆ ಮಗುಚಿ,
ಅಷ್ಟೇ ಹೊತ್ತು ಆರಬಿಟ್ಟು.
ಆಮೇಲೆ ಕೆಲವೇ ವಾರ ಸಿಗುತ್ತದೆ.
ಮತ್ತೆ ಅಂಟುವ ಮುನ್ನ ಕೇಳಿಬಿಡಬೇಕು.

ಹ್ರಾಚ್ಯಾ ಬಂದದ್ದು ಹಿಟ್ಟಿನ ಚೀಲ ಹಿಡಿದು.
ಬಸ್ಸು ರಿಪೇರಿ ಮಾಡಿದ ಕೈ, ಉಗುರಿನಲ್ಲಿ ಇನ್ನೂ ಗ್ರೀಸು.
ಚೀಲದಲ್ಲಿ ಒಂದೇ ಸುರುಳಿ, ಹಾಲೆಪ್ಪೊದ ಮಾವ ತಂದದ್ದಂತೆ.
"ಅಕ್ಕ ಹಾಡಿದ್ದಾಳೆ, ಯೆರಾನುಹಿ,
ಅಡುಗೆಮನೆಯಲ್ಲಿ. ಮೈಕು ನಾನೇ ಹಿಡಿದಿದ್ದೆ."
ಅವಳು ಹೋದ ಚಳಿಗಾಲ ಯಾವುದೆಂದು ನಾನು ಕೇಳಲಿಲ್ಲ.
ಈ ಊರಿನಲ್ಲಿ ಹಾಗೆಲ್ಲ ಕೇಳುವುದಿಲ್ಲ.

ಒಣಗಿಸಿದೆ. ಏರಿಸಿದೆ. ಗುಂಡಿ ಒತ್ತಿದೆ.
ಫುಟ್‌ಬಾಲ್.
ನಲವತ್ತು ನಿಮಿಷ ಫುಟ್‌ಬಾಲ್.
ಕಾಮೆಂಟರಿಯವನಿಗೆ ನೆಗಡಿ.
ಗೋಲು ಬಿದ್ದಾಗ ಹತ್ತಿರದಲ್ಲೇ ಹುಡುಗನೊಬ್ಬನ ಕೂಗು,
ಆಗಷ್ಟೇ ಒಡೆಯುತ್ತಿರುವ ಗಂಟಲು.
ಹ್ರಾಚ್ಯಾ ಕಿಟಕಿಯತ್ತ ತಿರುಗಿ ಹೇಳಿದ:
"ಹದಿಮೂರು ವರ್ಷ ನನಗೆ. ಬೇರೆ ಟೇಪಿರಲಿಲ್ಲ."
ಅಂದರೆ ಗೊತ್ತಿದ್ದೇ ತಂದಿದ್ದ.
ಐವತ್ತು ವರ್ಷ ಬಿಟ್ಟು ಅಳಿಸಿದ್ದು ಮರಳಿ ಬರುತ್ತದೋ ಎಂದು,
ಮಾಗದ ಹಣ್ಣನ್ನು ಹುಲ್ಲಿನಲ್ಲಿಟ್ಟು ನೋಡುವವರಂತೆ.

ಬರುವುದಿಲ್ಲ ಎಂದು ಹೇಳಬೇಕೆನ್ನುವಷ್ಟರಲ್ಲಿ
ಪಂದ್ಯ ಟಕ್ಕೆಂದು ನಿಂತಿತು. ಹುಡುಗ ಗುಂಡಿ ಒತ್ತಿದ್ದ.
ನಂತರ ಖಾಲಿ.
ಖಾಲಿಯೆಂದರೆ ಏನೂ ಇಲ್ಲವೆಂದಲ್ಲ.

ಸುರುಳಿಯಲ್ಲಿ ಪದರದ ಮೇಲೆ ಪದರ ಮಲಗಿರುತ್ತದೆ,
ಒಂದೇ ಕಂಬಳಿಯ ಕೆಳಗೆ ಮಕ್ಕಳು ಮಲಗಿದಂತೆ.
ವರ್ಷಗಳು ಕಳೆದರೆ ಒಂದರ ಮಾತು ಇನ್ನೊಂದಕ್ಕೆ ಹತ್ತುತ್ತದೆ.
ಹುಡುಗ ಅಳಿಸುವ ಹೊತ್ತಿಗಾಗಲೇ ಹಾಡಿನ ಕೊನೆ
ಪಕ್ಕದ ಖಾಲಿ ಪದರಕ್ಕೆ ಕಲೆಯಂತೆ ಇಳಿದಿತ್ತು.
ಅವನ ಪಂದ್ಯ ಅಲ್ಲಿಗೆ ತಲುಪಲಿಲ್ಲ.
ಒಂದು ಸುತ್ತು ಆಚೆ ಇತ್ತು ಅದು.

ಹೆಡ್‌ಫೋನ್ ಬಿಗಿಯಾಗಿ ಒತ್ತಿಕೊಂಡೆ.
ಸ್ಟೇಡಿಯಮ್ಮಿನ ಗದ್ದಲದ ತೆಳು ನೆರಳು,
ಅದರ ಕೆಳಗೆ, ಗೋಡೆಯಾಚೆಯ ಮನೆಯಿಂದೆಂಬಂತೆ,
ಸ್ವರವೊಂದು ಇಳಿದು ನಿಂತದ್ದು,
ಮತ್ತೆ ಒಬ್ಬ ಹೆಂಗಸು, ಹಾಡುತ್ತ ಅಲ್ಲ, ಮಾತಿನಲ್ಲೇ:
"ಸಾಕಾ?"

ಎರಡು ಸೆಕೆಂಡು. ಅಷ್ಟೆ.
ಮುಂದೆ ನಿಜಕ್ಕೂ ಏನೂ ಇಲ್ಲ,
ಬಾಲದವರೆಗೆ ಕಂದು ಪಟ್ಟಿ.

ಹ್ರಾಚ್ಯಾನ ಕಿವಿಗೆ ಕೊಟ್ಟೆ.
ಮೊದಲ ಸಲ ಅವನಿಗೆ ಕೇಳಲಿಲ್ಲ,
ಇಂಜಿನ್ನುಗಳು ತಿಂದ ಕಿವಿ.
ಎರಡನೆಯ ಸಲ ದನಿ ಏರಿಸಿದೆ, ಸಿಳ್ಳು ಮಾತ್ರ.
ಮೂರನೆಯ ಸಲ ಅವನ ಬಲಗೈ
ತಾನಾಗಿ ಮೇಲೆದ್ದು, ಮುಷ್ಟಿಯಾಗಿ,
ಮೈಕು ಹಿಡಿದವರಂತೆ ಗಾಳಿಯಲ್ಲಿ ನಿಂತಿತು.
"ಸಾಲದು" ಅಂದ, ಯಾರಿಗೋ.

ಚಹಾ ಕಾಯಿಸಿದೆ. ಕುಡಿಯಲಿಲ್ಲ.
ಫೈಲಿಗೆ ಹೆಸರು ಬೇಕು ಎಂದೆ,
ಕಂಪ್ಯೂಟರು ಹೆಸರಿಲ್ಲದ್ದನ್ನು ಒಪ್ಪುವುದಿಲ್ಲ.
ಅಕ್ಕನ ಹೆಸರನ್ನು ಒಂದೊಂದೇ ಅಕ್ಷರ ಹೇಳಿದ.
ಪೆನ್‌ಡ್ರೈವನ್ನು ಅಂಗೈಯಲ್ಲಿ ತೂಗಿ ನೋಡಿ,
"ಎಷ್ಟು ವರ್ಷ ಬರುತ್ತದೆ?"
ಹತ್ತು, ಎಂದೆ. ಆಮೇಲೆ ಇನ್ನೊಂದಕ್ಕೆ ಇಳಿಸಬೇಕು.
"ಆಮೇಲೆ?"
ಆಮೇಲೆ ಅದರಿಂದ ಇನ್ನೊಂದಕ್ಕೆ.
"ಅಷ್ಟರಲ್ಲಿ ನೀನಿರುತ್ತೀಯಾ, ಅಜ್ನಿವ್?"
ಪೆಟ್ಟಿಗೆ ಇರುತ್ತದೆ, ಎಂದೆ. ಹಣ್ಣಿಗಾದರೂ ಬೇಕಲ್ಲ ಅದು.

ದುಡ್ಡು ಎಣಿಸಿ ಮೇಜಿನ ಮೇಲಿಟ್ಟ.
ಬಾಗಿಲಲ್ಲಿ ಟೋಪಿ ಎಳೆದುಕೊಳ್ಳುತ್ತ ನಿಂತ.
ಹೊರಗೆ ಹಿಮ, ಬೀದಿಯ ಕಪ್ಪು ಕಾಣದಷ್ಟು.
"ಆ ಪಂದ್ಯವನ್ನೂ ಹಾಕಿಕೊಡು," ಅಂದ,
"ಯಾರು ಗೆದ್ದರೋ, ಮರೆತೇಹೋಗಿದೆ."