ಬಾಕಿ

ಸುಲ್ತಾನ್‌ಪೇಟೆಯ ಪ್ರೆಸ್ಸಿನಲ್ಲಿ ಜಬೀವುಲ್ಲಾ ಕೇಳಿದರು:
ಬೆನ್ನಪುಟ ಖಾಲಿ ಇದೆ, ಬೆಲೆ ಎಷ್ಟಂತ ಹಾಕಲಿ?

ನೂರಾ ಇಪ್ಪತ್ತು ಅಂದೆ. ತಡೆದು, ಬೇಡ ಅಂದೆ,
ಮಿಕ್ಕಿದ್ದಕ್ಕೆ ಚಿಲ್ಲರೆ ಯಾರು ಹುಡುಕುತ್ತಾರೆ?
ಹದಿನಾರು ವರ್ಷ ಟಿಕೆಟ್ ಹರಿದ ಕೈ ಇದು,
ನೋಟು ಕಂಡರೆ ಮೊದಲು ಬಾಕಿಯೇ ಕಾಣುತ್ತದೆ.
ನೂರು ಎಂದು ಅಚ್ಚಾಯಿತು.
ಪ್ರತಿಯೊಂದಕ್ಕೆ ತಗುಲಿದ್ದು ಎಂಬತ್ತೇಳು;
ಉಳಿದ ಹದಿಮೂರು
ನನ್ನ ಒಂಬತ್ತು ವರ್ಷದ ರಾತ್ರಿಗಳದ್ದು.

ಮುನ್ನೂರು ಪ್ರತಿ. ಮಂಚದಡಿ, ಅಕ್ಕಿಮೂಟೆಯ ಪಕ್ಕ.

ಡಿಪೋದಲ್ಲಿ ಸುದ್ದಿ ಬಿಟ್ಟೆ. ಡ್ರೈವರ್ ಮುನಿಕೆಂಪಣ್ಣ ಎರಡು ಕೊಂಡ,
ಒಂದು ಮನೆಗೆ, ಒಂದು ಬಾನೆಟ್ಟಿನ ಮೇಲೆ:
ಗಾಡಿ ನಡುಗಿದರೆ ಪುಟ ತಾನೇ ತಿರುಗುತ್ತದಂತೆ.
ಗಾಂಧಿಬಜಾರಿನ ಅಂಗಡಿಯವರು ನಲವತ್ತು ಪರ್ಸೆಂಟ್ ಕೇಳಿದರು,
ಅದೂ ಕವನ ಅಂದಮೇಲೆ ಕೆಳಗಿನ ಕಪಾಟು.
ಮಗಳು ಫೋನಿನ ಮುಂದೆ ನಿಲ್ಲಿಸಿ ಓದಿಸಿದಳು,
ನಗು ಅಮ್ಮ, ಮೂವತ್ತೇ ಸೆಕೆಂಡು.
ನಗು ಬರುವಷ್ಟರಲ್ಲಿ ಸಮಯ ಮುಗಿದಿತ್ತು.

ನಿನ್ನೆ ಕೊನೇ ಟ್ರಿಪ್ಪು. ಮಾರ್ಕೆಟ್ಟಿನಲ್ಲಿ
ಖಾಲಿ ಹೂಬುಟ್ಟಿ ಹತ್ತಿಸಿದಾಕೆ
ನನ್ನ ಚೀಲದಿಂದ ಇಣುಕುತ್ತಿದ್ದ ಪುಸ್ತಕ ನೋಡಿ ಕೇಳಿದಳು:
ಹೆಂಗಸ್ರಿಗೆ ಇದೂ ಫ್ರೀನಾ?

ಇಲ್ಲ ಅಂದೆ. ಗಂಟಲು ಸ್ವಲ್ಪ ಜೋರೇ ಆಯಿತು.
ಅವಳು ಒದ್ದೆ ನೋಟು ಎಣಿಸಿ ನಲವತ್ತು ಕೊಟ್ಟಳು,
ಮಿಕ್ಕಿದ್ದು ನಾಳೆ.

ಅವಳ ಸೊನ್ನೆ ಟಿಕೆಟ್ಟಿನ ಹಿಂದೆ
ಕೈ ಅಭ್ಯಾಸಕ್ಕೆ ಗೀಚಿತು: ಅರವತ್ತು ಬಾಕಿ.
ಇಳಿಯುವಾಗ ಅದನ್ನು ದೀಪಕ್ಕೆ ಹಿಡಿದು ಕೇಳಿದಳು,
ಇದು ನೀನು ಕೊಡೋದಾ,
ನಾನು ಕೊಡೋದಾ?