ನೀರು ಕೆಲಸ ಅಲ್ಲ

ಬ್ರಹ್ಮಪುರದ ಆ ಓಣಿಯಲ್ಲಿ
ಸ್ಲ್ಯಾಬ್ ಹಾಕಿ ಇನ್ನೂ ಮೂವತ್ತು ತಾಸು ಆಗಿರಲಿಲ್ಲ.
ಪಾಲಿಕೆಯ ಹುಡುಗ ಬಂದ, ಮೈದಾ ಅಂಟಿನ ಡಬ್ಬಿ ಇಟ್ಟ,
ಗಿಲಾವು ಕಾಣದ ಗೋಡೆಗೆ ಹಾಳೆ ಹಚ್ಚಿದ.
ಇಟ್ಟಂಗಿ ಅಂಟನ್ನೆಲ್ಲ ಕುಡಿದುಬಿಟ್ಟಿತು; ಹಾಳೆ ಬಿತ್ತು.
ಮಶಾಕಸಾಬರೇ ಎರಡು ಮೊಳೆ ಕೊಟ್ಟರು:
"ಬರಾಬರಿ ಹೊಡಿ ತಮ್ಮಾ,
ಗಾಳಿಗೆ ಹಾರಿದ್ರ ನಮ್ಮ ಮ್ಯಾಲೇ ಬರ್ತದ."

ಕಾಮಗಾರಿಯನ್ನು ತಕ್ಷಣದಿಂದ
ಮುಂದಿನ ಆದೇಶದವರೆಗೆ ಸಂಪೂರ್ಣವಾಗಿ…
ನಾನು ಓದಿದೆ, ಎಂಟು ಜನ ನಿಂತು ಕೇಳಿದರು.
'ಸ್ಥಗಿತ' ಅಂದಾಗ ಚಂದಮ್ಮ
ತಲೆಮೇಲಿನ ಬುಟ್ಟಿ ಇಳಿಸಿದಳು. ಅರ್ಥ ಕೇಳಲಿಲ್ಲ.
ಸೆರಗು ಝಾಡಿಸಿ, ಮಂಡಾಳಿನ ಗಂಟು ತಗೊಂಡು
ನಾಳೆ ಯಾವ ಅಡ್ಡಾದಲ್ಲಿ ನಿಲ್ಲಬೇಕೆಂದು
ಆಗಲೇ ನೋಡುತ್ತಿದ್ದಳು.

ಮನೆಯೊಡತಿ ನೀಲಗಂಗಾ ಸಿಸ್ಟರ್,
ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ನಿಂತವರು,
ಚಷ್ಮಾ ಒರೆಸಿ ಕೇಳಿದ್ದು ಒಂದೇ: "ಯಾರ ಚಾಡಿ?"

ಯಾರದಾದರೇನು.
ನಾಲ್ಕನೆಯ ಸಾಲು ಖರೆ ಹೇಳಿತ್ತು:
ಮೆಟ್ಟಿಲು ನಕ್ಷೆ ದಾಟಿ ಎರಡೂವರೆ ಫೂಟು ಓಣಿಗೆ ಬಂದಿದೆ.
ಟೇಪು ಹಿಡಿದವನು ನಾನು.
ಅವರ ಮೊಣಕಾಲು ನೋಡಿ
ಮೆಟ್ಟಿಲು ಅಗಲ ಮಾಡಿದವನೂ ನಾನೇ.
ಐದಾರು ಇಂಚು ಯಾರು ನೋಡ್ತಾರ, ಅಂದೆ.
ಐದಾರು ಸಲ ಅಂದೆ.

ಬಾಜೂಮನೆಯ ಧೂಳಪ್ಪ ಬುದ್ಧಿ ಹೇಳಿದ:
ಹಸಿರು ಪರದೆ ಕಟ್ರಿ, ರಾತ್ರಿ ಹೊಡೀರಿ.
ಇನ್ನೊಬ್ಬ ಯಾರದೋ ಭಾವಮೈದುನನ ನಂಬರು ಕೊಟ್ಟ.

ಮೇಲೆ ಸ್ಲ್ಯಾಬು ಆದೇಶ ಓದಿರಲಿಲ್ಲ.
ಒಳಗಿನ ಕಾವಿನಲ್ಲಿ ತನ್ನಷ್ಟಕ್ಕೆ
ಗಟ್ಟಿಯಾಗುವ ಕೆಲಸ ಮಾಡುತ್ತಲೇ ಇತ್ತು,
ಹೊರಗೆ ನಮ್ಮ ಕಲಬುರಗಿಯ ಮೇ ತಿಂಗಳು,
ಶಹಾಬಾದಿ ಫರಸಿಯ ಮೇಲೆ ಚಪ್ಪಲಿ ಬಿಟ್ಟರೆ ಅಂಗಾಲು ಸುಡುವ ಹೊತ್ತು.
ಕಟ್ಟಿದ ಮಡಿಗಳೆಲ್ಲ ಆರತೊಡಗಿದ್ದವು.
ಇವತ್ತು ಕೂದಲಗೆರೆ. ಬಿಟ್ಟರೆ
ಮಳೆಗಾಲದಲ್ಲಿ ಅವರ ಹಾಸಿಗೆಯ ಮೇಲೆ ಹನಿ.

"ನೀರು ಹೊಡಿಯೋದು ಕೆಲಸ ಏನ್ರಿ?"
ಮಶಾಕಸಾಬರ ಈ ಪ್ರಶ್ನೆಗೆ
ಮೊಳೆ ಹೊಡೆದ ಹಾಳೆಯಲ್ಲಿ ಉತ್ತರವಿರಲಿಲ್ಲ.

ಅರ್ಜಿ ಸಿಸ್ಟರೇ ಬರೆದರು, ಕೇಸ್‌ಶೀಟು ಬರೆದ ಕೈ.
ಕೆಲಸ ನಿಲ್ಲಿಸಿದ್ದೇವೆ; ನಿಂತ ಹೊತ್ತು ಮೂರೂ ಇಪ್ಪತ್ತು; ಫೋಟೋ ಇದೆ.
ಮೆಟ್ಟಿಲಿನದು ತಪ್ಪು. ಒಡೆಯುತ್ತೇವೆ.
ಒಡೆಯುವುದೂ ಕೆಲಸವಾದರೆ ಅದಕ್ಕೂ ಅಪ್ಪಣೆ ಕೊಡಿ.
ದಿನಕ್ಕೆ ಮೂರು ಸಲ ನೀರು ಬೇಕು, ಹಸುಗೂಸಿಗೆ…
ಆ ಶಬ್ದ ಹೊಡೆದುಹಾಕಿ, ಮೇಲೆ
'ಹಸಿ ಕಾಂಕ್ರೀಟಿಗೆ' ಎಂದು ತಿದ್ದಿದರು.

ಆವಕ ಟೇಬಲ್ಲಿನವ ಠಸ್ಸೆ ಹುಡುಕಲು
ಒಂದು ಚಹಾ ಕುಡಿದ. ಸಾಹೇಬರು ಮೀಟಿಂಗು.
ಐದೂವರೆಗೆ ಕಿರಿಯ ಇಂಜಿನಿಯರ್ ಫರ್ಹೀನ್ ಮೇಡಂ
ಗಾಡಿಯ ಸೀಟಿನ ಮೇಲೇ ಹಾಳೆ ಇಟ್ಟು ಓದಿದರು,
ಹೊಡೆದ ಶಬ್ದದ ಹತ್ತಿರ ಅವರ ಪೆನ್ನು ನಿಂತಿತು.
ಅಂಚಿನಲ್ಲಿ ಬರೆದರು:
ನೀರು ಹಾಕಬಹುದು. ಆಧಾರದ ಕಂಬ ಬಿಚ್ಚಬಾರದು.
ಉಳಿದದ್ದು ಸ್ಥಳ ತನಿಖೆಯ ನಂತರ.

ನಂತರ ಎಂದರೆ ಎಂದು? ಯಾರಿಗೆ ಗೊತ್ತು.
ಏಳು ಜನರ ಪಗಾರ ಆ ಒಂದು ಶಬ್ದದೊಳಗಿದೆ.
ಮುಂಗಡ ಕೇಳಲು ಬಂದವರ ಮುಂದೆ
ನನ್ನ ಜೇಬು ಝಾಡಿಸಿದೆ;
ಸುಣ್ಣದ ಪೆನ್ಸಿಲ್ಲು ಬಿತ್ತು.

ಅದರಿಂದಲೇ ಮಶಾಕಸಾಬರು ಮೆಟ್ಟಿಲ ಮೇಲೆ
ಎರಡೂವರೆ ಫೂಟಿಗೆ ಗೆರೆ ಎಳೆದರು, ನನ್ನ ಕಡೆ ನೋಡದೆ.

ರಾತ್ರಿ ಟ್ಯಾಂಕರಿನ ನೀರು, ಪೈಪು ಮೇಲೆ ಮುಟ್ಟದು.
ಸಿಸ್ಟರ್ ತಾವೇ ಒಂದೊಂದೇ ಕೊಡ ಎತ್ತಿಕೊಂಡು
ನಡುವೆ ದಣಿದು ಕೂತರು,
ಗೆರೆಯ ಆಚೆ, ಒಡೆಯಬೇಕಾದ ಭಾಗದ ಮೇಲೆ,
ಮೊಣಕಾಲು ಒತ್ತಿಕೊಳ್ಳುತ್ತ.
"ಅಗಲ ಛಲೋ ಆಗಿತ್ತಪ್ಪಾ," ಅಂದರು.

ಮೇಲೆ ಮಡಿಗಳು ನೀರು ಹೀರುವ ಸದ್ದು.